ಕಾಲುವೆ ದಂಡೆಯ ಹತ್ತು ಕಿಲೋಮೀಟರ್

ನನ್ನ ಮೊಮ್ಮಗಳು ದಾನಮ್ಮ ನಿನ್ನೆ ಒಬ್ಬಳೇ ಹತ್ತು ಕಿಲೋಮೀಟರ್ ಸೈಕಲ್ ಹೊಡೆದಳು. ಐದು ಹೋಗುತ್ತ, ಐದು ಬರುತ್ತ. ಮೊದಲು ಇಷ್ಟು ಓದಿಬಿಡ್ರಿ, ಉಳಿದದ್ದು ಆಮೇಲೆ. ರಾತ್ರಿ ಹುಬ್ಬಳ್ಳಿಗೆ ತಿರುಗಿ ಬಂದೆವು, ಇವತ್ತು ಬೆಳಗಾದಾಗಿನಿಂದ ಹಾಲಿನವನಿಗೆ ಹೇಳಿದೆ, ಎದುರುಮನೆಯವರಿಗೆ ಹೇಳಿದೆ, ತಪ್ಪು ನಂಬರಿಗೆ ಫೋನ್ ಹಚ್ಚಿದ ಯಾರೋ ಪುಣ್ಯಾತ್ಮನಿಗೂ ಹೇಳಿದೆ. ಆತ "ಭಾಳ ಛಲೋ ಆತ್ರಿ" ಅಂದು ಇಟ್ಟ. ಕೇಳುವವರು ಮುಗಿದರು, ನನಗೆ ಹೇಳುವುದು ಮುಗಿಯಲಿಲ್ಲ. ಅದಕ್ಕೇ ಬರೆಯಲು ಕುಂತೆ. ಕುಂತೆ ಅನ್ನುವುದೂ ಸುಳ್ಳು. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು, ಅಂಗಳಕ್ಕೆ ಹೋಗಿ ಅವಳ ಸೈಕಲ್ ನೋಡಿ ಬಂದಿದ್ದೇನೆ.

ಹದಿಮೂರು ವರ್ಷದ ಹುಡುಗಿ ಸೈಕಲ್ ಹೊಡೆದರೆ ಅದೇನು ದೊಡ್ಡ ಸುದ್ದಿ ಅಂತೀರಿ. ನಾನೂ ಹಾಗೇ ಅನ್ನುತ್ತಿದ್ದೆ, ಹೋದ ವರ್ಷ ಅವಳು ಬೀಳದೇ ಇದ್ದಿದ್ದರೆ. ಗೋಕುಲ ರಸ್ತೆಯಲ್ಲಿ ಸಾಲಿಗೆ ಹೋಗುವಾಗ ಸ್ಕೂಟರಿನವನೊಬ್ಬ ಒರೆಸಿಕೊಂಡು ಹೋದ. ಕೈ ಮುರಿಯಿತು. ಒಂದೂವರೆ ತಿಂಗಳಿಗೆ ಕೈ ಕೂಡಿತು, ಧೈರ್ಯ ಮಾತ್ರ ಕೂಡಲಿಲ್ಲ. ಸೈಕಲ್ ಹತ್ತುವುದು ಹಾಗಿರಲಿ, ರಸ್ತೆ ದಾಟಬೇಕಾದರೂ ಅವರವ್ವನ ಕೈ ಹಿಡಿಯತೊಡಗಿದಳು. ಹಿಂದೆ ಹಾರ್ನ್ ಕೇಳಿದರೆ ಗೋಡೆಗೆ ಅಂಟಿ ನಿಲ್ಲುವಳು. ಗೆಳತಿಯರ ಮನೆಗೆ ಹೋಗುವುದೂ ನಿಂತಿತು. ಆ ಸೈಕಲ್ ಕೊಡಿಸಿದವ ನಾನು. "ಬಸ್ಸು ಯಾಕ, ನಮ್ಮ ಹುಡುಗಿ ಹುಲಿ" ಅಂತ ಹೇಳಿ ರಸ್ತೆಗೆ ಬಿಟ್ಟವನೂ ನಾನೇ. ಸೊಸೆ ಸುಜಾತಾ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಛಲೋ ಇತ್ತು.

ನಾನು ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ. ಮುಂದಿನ ಓದೆಲ್ಲ ಪಂಚರಿನದು. ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದವನಿಗೆ ಟ್ಯೂಬು ನೋಡಿದರೆ ಸಾಕು, ಸವಾರ ಯಾವ ಕಡೆಯವ ಅಂತ ತಿಳಿಯುತ್ತದೆ. ಮೊಳೆ ಚುಚ್ಚಿದ್ದರೆ ಕಾರಖಾನೆ ಇರುವ ಓಣಿಯವ. ಗಾಜು ಆದರೆ ಯಾವ ಅಂಗಡಿಯ ಮುಂದಿನಿಂದ ಬಂದ ಅಂತ ನಾನು ಕೇಳುತ್ತಿರಲಿಲ್ಲ, ಆತ ಹೇಳುತ್ತಿರಲಿಲ್ಲ. ಜಾಲಿ ಮುಳ್ಳು ಆದರೆ ಹಳ್ಳಿಯವ, ಅವನಿಗೆ ಮೊದಲು ಕುಡಿಯಲು ನೀರು ಕೊಡಬೇಕು, ಆಮೇಲೆ ಪಂಚರ್. ಇಷ್ಟೆಲ್ಲ ತಿಳಿದವನಿಗೆ ಮೊಮ್ಮಗಳ ಧೈರ್ಯ ಎಲ್ಲಿ ಸೋರಿತು, ಅದಕ್ಕೆ ಎಲ್ಲಿ ತೇಪೆ ಹಚ್ಚಬೇಕು ಅನ್ನುವುದು ಮಾತ್ರ ತಿಳಿಯಲಿಲ್ಲ. ವಾರಕ್ಕೊಮ್ಮೆ ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಓಡದ ಸೈಕಲ್ಲಿಗೆ ಅಷ್ಟು ಎಣ್ಣೆ ಕುಡಿಸಿದವ ಹುಬ್ಬಳ್ಳಿಯಲ್ಲಿ ನಾನೊಬ್ಬನೇ ಇರಬೇಕು.

ಹಾರ್ನ್ ಇಲ್ಲದ ರಸ್ತೆ ಬೇಕಿತ್ತು. ಹುಬ್ಬಳ್ಳಿಯಲ್ಲಿ ಅಂಥಾದ್ದು ಎಲ್ಲಿದೆ? ವಿದ್ಯಾನಗರದ ಒಳ ಓಣಿಗಳನ್ನು ನೋಡಿದೆ, ಅಲ್ಲಿ ಕಾರು ಕಲಿಯುವವರು ಇರುತ್ತಾರೆ. ಧಾರವಾಡ ದಾಟಿ ಮುಗದದ ಹಾದಿ ಹಿಡಿಯೋಣ ಅಂದರೆ ಏರು, ಇಳುವು. ಅಂಜಿದ ಮಗುವಿಗೆ ಇಳುವಿನಲ್ಲಿ ಬ್ರೇಕ್ ಹಿಡಿ ಅನ್ನುವುದು ನನ್ನಿಂದ ಆಗದ ಮಾತು. ಕಡೆಗೆ ನೆನಪಾದದ್ದು ಸೊಸೆಯ ತವರು. ನವಲಗುಂದದ ಆಚೆ, ಕಪ್ಪು ಮಣ್ಣಿನ ಎರಿ ಭೂಮಿ. ನೆಲ ಅಂದರೆ ರೊಟ್ಟಿ ತಟ್ಟಿದ ಹಾಗೆ ಸಪಾಟ. ಊರ ಹಿಂದೆ ದೊಡ್ಡ ಕಾಲುವೆ, ಅದರ ದಂಡೆಗುಂಟ ನೀರಾವರಿಯವರ ಜೀಪು ತಿರುಗಾಡಲೆಂದು ಕಲ್ಲುಮಣ್ಣಿನ ಗರಸು ಹಾಕಿದ ರಸ್ತೆ. ಆ ಜೀಪೂ ವರ್ಷಕ್ಕೊಮ್ಮೆ ಬಂದರೆ ಬಂತು. ಮಗನ ಸಣ್ಣ ಗೂಡ್ಸ್ ಗಾಡಿಯಲ್ಲಿ ಎರಡು ಸೈಕಲ್, ನಮ್ಮಾಕಿಯೂ ಸೇರಿ ಮನೆಯ ಐದೂ ಮಂದಿ ಹೇರಿಕೊಂಡು ಶನಿವಾರ ಹೊರಟೆವು. ಸೊಸೆ ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು.

ನಿನ್ನೆ, ಭಾನುವಾರ ಬೆಳಿಗ್ಗೆ, ದಾನಮ್ಮ ಕಾಲುವೆವರೆಗೆ ಸೈಕಲ್ ದಬ್ಬಿಕೊಂಡು ಬಂದಳು.

"ಸೈಕಲ್ ಹತ್ತು ಅಂತ ಹೇಳಂಗಿಲ್ಲವಾ," ಅಂದೆ. "ನಾ ಮುಂದ ಹೋಗತಿರತೇನಿ. ಹಿಂದ ತಿರುಗಿ ನೋಡಂಗಿಲ್ಲ."

"ಖರೇ ನೋಡಂಗಿಲ್ಲ?"

"ಖರೇ."

ಮಾತು ಕೊಟ್ಟೆ, ಪೆಡಲ್ ತುಳಿದೆ. ಕುತ್ತಿಗೆ ಅನ್ನುವುದು ಎಂಥ ಹರಾಮಿ ಅಂಗ ಅಂತ ನಿನ್ನೆ ತಿಳಿಯಿತು. ಹಿಂದಕ್ಕೆ ಹೊರಳಬೇಡ ಅಂದಷ್ಟೂ ಅದು ಹೊರಳಬೇಕು ಅನ್ನುತ್ತದೆ. ಆದರೆ ದೇವರು ದೊಡ್ಡವನು. ಬಿಸಿಲು ನಮ್ಮ ಬೆನ್ನಿಗಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ನನ್ನ ನೆರಳಿನ ಪಕ್ಕ ಇನ್ನೊಂದು ನೆರಳು ಬಂತು. ಎರಡು ಜಡೆ, ಒಂದು ಹ್ಯಾಂಡಲ್. ನೆರಳು ನೋಡುವುದಿಲ್ಲ ಅಂತ ನಾನೇನು ಮಾತು ಕೊಟ್ಟಿರಲಿಲ್ಲವಲ್ಲ! ಆ ನೆರಳನ್ನು ಬೆದರಿಸಬಾರದು ಅಂತ ಬೆಲ್ ಕೂಡ ಬಾರಿಸದೆ, ಹಾಗೇ ನಡೆಸಿದೆ.

ಒಂದು ಕಡೆ ನೀರು, ಇನ್ನೊಂದು ಕಡೆ ಕಡಲೆ ಹೊಲ. ನೀರಿಗೆ ಎದುರಾಗಿ ಹೋಗುತ್ತಿದ್ದುದರಿಂದ ಪೆಡಲ್ ಭಾರ ಬರುತ್ತದೆ, ಕಾಲುವೆಗೆ ಕಣ್ಣಿಗೆ ಕಾಣದ ಇಳಿಜಾರು ಇರುತ್ತದೆ, ಅದು ನೀರಿಗೂ ಸೈಕಲ್ಲಿಗೂ ಮಾತ್ರ ಗೊತ್ತು, ಅಂತೆಲ್ಲ ಗಟ್ಟಿಯಾಗಿ ವಿವರಿಸಿದೆ. ಹಿಂದಿನಿಂದ ದನಿ ಬಂತು: "ಅಜ್ಜಾ, ಅದು ಗಾಳಿ." ವರ್ಷದ ಮೇಲೆ ಅವಳು ಸೈಕಲ್ ಮೇಲಿಂದ ನನ್ನನ್ನು ತಿದ್ದಿದ್ದು. ನಾನು ಇನ್ನೂ ನಾಲ್ಕು ತಪ್ಪು ಹೇಳಲು ತಯಾರಿದ್ದೆ.

ಊರಿನಿಂದ ಐದು ಕಿಲೋಮೀಟರ್ ಬಂದಿದ್ದೆವು, ಅಷ್ಟರಲ್ಲಿ ನನ್ನ ಹಿಂದಿನ ಗಾಲಿಗೆ ಜಾಲಿ ಮುಳ್ಳು. ವಾಹನ ಇಲ್ಲದ ರಸ್ತೆಗೆ ಯಾರಾದರೂ ಕಾವಲು ಬೇಕಲ್ಲ, ಅಲ್ಲಿ ಜಾಲಿ ಗಿಡ ಇದೆ. ಈಗ ಕೇಳ್ರಿ, ನಲವತ್ತು ವರ್ಷ ಗಿರಾಕಿಗಳಿಗೆ ನಾನು ಹೇಳಿದ ಉಪದೇಶ ಒಂದೇ: ದಾರಿಯಲ್ಲಿ ಮುಳ್ಳು ಚುಚ್ಚಿದರೆ ಕೀಳಬೇಡ್ರಿ, ಮುಳ್ಳೇ ತೂತಿಗೆ ಬೆಣೆ, ಹಾಗೇ ಮೆಲ್ಲಗೆ ಅಂಗಡಿಗೆ ಬರ್ರಿ. ಮುಳ್ಳು ಕೀಳುವುದು ಅಂಗಡಿಯ ಕೆಲಸ. ನನ್ನ ಕೈಗೆ ಅಂಗಡಿ ಯಾವುದು, ಕಾಲುವೆ ಯಾವುದು ತಿಳಿಯಲಿಲ್ಲ. ಕಂಡ ಕೂಡಲೆ ಚಿಮಟಿಗೆಯಿಂದ ಕಿತ್ತಿತು. ಬುಸ್ ಅಂತು. ಇರಲಿ ಅಂತ ಚೀಲ ತೆಗೆದೆ. ಪಂಪು ಇತ್ತು, ತೇಪೆ ಇತ್ತು, ಅಂಟಿಸುವ ಸೊಲ್ಯೂಷನ್ ಒಣಗಿ ಕಲ್ಲಾಗಿತ್ತು. ಫೋನು ಬೀಗರ ಮನೆಯಲ್ಲಿ ಚಾರ್ಜಿಗೆ ಕುಂತಿತ್ತು.

"ನಡಿಯವಾ, ದಬ್ಬಿಕೋತ ಹೋಗೂಣು," ಅಂದೆ.

ದಾನಮ್ಮ ನನ್ನ ಮೊಣಕಾಲು ನೋಡಿದಳು. ಅದರ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ಬಂದ ದಾರಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಜ್ಜಾ, ನೀ ಇಲ್ಲೇ ಕುಂದರು. ಮಾಮಾನ ಟ್ರ್ಯಾಕ್ಟರ್ ಡಬ್ಬ್ಯಾಗ ಸೊಲ್ಯೂಷನ್ ಇರ್ತದ. ನಾ ತರ್ತೇನಿ."

"ಒಬ್ಬಾಕಿನ?"

"ಮತ್ತ ಇಲ್ಲೆ ಇನ್ಯಾರದಾರ?"

ಬೇಡ ಅನ್ನಲು ಬಾಯಿ ತೆರೆದೆ. ಹೋಗು ಅನ್ನಲೂ ತೆರೆದೆ. ಎರಡೂ ಬರುವುದರೊಳಗೆ ಅವಳು ಹೋಗಿದ್ದಳು.

ಕುಂದರು ಅಂದಿದ್ದಳು, ಯಾರು ಕುಂದರುತ್ತಾರೆ? ಆಚೆಗೆ ನೂರು ಹೆಜ್ಜೆ ಹೋದೆ, ಈಚೆಗೆ ಬಂದೆ. ಮೊಣಕಾಲು ನೋಯುತ್ತದೆ ಅನ್ನುವುದೇ ಮರೆತುಹೋಯಿತು. ದಂಡೆಯ ಮೇಲೆ ಬೆಳ್ಳಕ್ಕಿಯೊಂದು ಒಂಟಿ ಕಾಲಲ್ಲಿ ನಿಂತಿತ್ತು, ಅದರ ಸಮಾಧಾನ ನೋಡಿ ಸಿಟ್ಟು ಬಂದು ಹುಶ್ ಅಂತ ಎಬ್ಬಿಸಿದೆ. ಗರಸಿನಲ್ಲಿ ಗಾಲಿ ಜಾರಿದರೆ? ಎಡಕ್ಕೆ ಬಿದ್ದರೆ ಹೊಲ, ಬಲಕ್ಕೆ ಬಿದ್ದರೆ ನೀರು. ಎದುರಿಗೆ ಏನಾದರೂ ಬಂದು ಹಾರ್ನ್ ಹೊಡೆದರೆ? ನಡುದಾರಿಯಲ್ಲಿ ಇಳಿದು ನಿಂತುಬಿಟ್ಟರೆ ಅವಳ ಹತ್ತಿರ ಗೋಡೆಯೂ ಇಲ್ಲ, ಅವ್ವನ ಕೈಯೂ ಇಲ್ಲ. ಸುಜಾತಾಗೆ ಏನಂತ ಹೇಳಲಿ? ಎರಡನೆಯ ಸಲವೂ ನಿನ್ನ ಮಗಳನ್ನು ನಾನೇ ಕಳಿಸಿದೆ ಅಂತಲೇ? ಅಂಜಿಕೆ ಅವಳೊಬ್ಬಳದು, ನಾನು ಅದನ್ನು ಬಿಡಿಸುವ ವೈದ್ಯ, ಹೀಗೆ ತಿಳಿದು ಹೊರಟಿದ್ದೆ ನೋಡ್ರಿ. ಕಾಲುವೆ ದಂಡೆಯ ಮೇಲೆ ಆ ಒಂದು ತಾಸಿನಲ್ಲಿ ಖರೇ ರೋಗಿ ಯಾರು ಅನ್ನುವುದು ಗೊತ್ತಾಯಿತು. ಅವಳು ಹೋದ ದಿಕ್ಕಿಗೆ ಸೈಕಲ್ ದಬ್ಬಿಕೊಂಡು ನಾಲ್ಕು ಸಲ ಹೊರಟು ನಾಲ್ಕು ಸಲ ತಿರುಗಿ ಬಂದೆ. ಇಲ್ಲೇ ಇರು ಅಂದಿದ್ದಳಲ್ಲ.

ಮೊದಲು ಬೆಲ್ ಕೇಳಿತು. ಸುಮ್ಮಸುಮ್ಮನೆ, ಯಾರೂ ಅಡ್ಡ ಇಲ್ಲದಿದ್ದರೂ ಖುಷಿಗೆ ಬಾರಿಸುವ ಬೆಲ್. ಆಮೇಲೆ ಎರಡು ಜಡೆ.

"ತಡಾ ಆತೇನಜ್ಜಾ? ಎಮ್ಮಿ ಹಿಂಡು ಅಡ್ಡ ಬಂದಿತ್ತು. ಎಷ್ಟ ಬೆಲ್ ಹೊಡದ್ರೂ ಸರೀವಲ್ವು. ಒಂದು ನನ್ನ ಹ್ಯಾಂಡಲ್ಲೇ ನೆಕ್ಕಾಕತ್ತಿತ್ತು!"

"ಇಳದು ನಿಂತಿಯೇನು?"

"ಯಾಕ ಇಳೀಬೇಕು? ಎಮ್ಮಿಗಳ ನಡಬರಕ ಹೊಡಕೊಂಡು ಬಂದೆ."

ಟ್ಯೂಬು ಬಿಚ್ಚಿ ಕಾಲುವೆಯಲ್ಲಿ ಅದ್ದಿದೆ. ಅಂಗಡಿಯ ತಗಡಿನ ಬುಟ್ಟಿಯಲ್ಲಿ ಟ್ಯೂಬು ಅದ್ದಿ ಜೀವನ ಕಳೆದವನಿಗೆ ಅಷ್ಟು ನೀರು! ಗುಳ್ಳೆ ಎದ್ದ ಜಾಗಕ್ಕೆ ತೇಪೆ ಹಚ್ಚಿದೆ, ಅದು ವಾರೆಯಾಯಿತು. ಕಿತ್ತು ಎರಡನೆಯದು ಹಚ್ಚಿದೆ. ಮಾತಾಡಿದರೆ ಅಳು ಬಂದೀತು ಅಂತ, ಸೊಲ್ಯೂಷನ್ ವಾಸನೆ ಕಣ್ಣಿಗೆ ಹೊಡೆಯುತ್ತದೆ ಅಂದೆ.

ಬೀಗರ ಮನೆಗೆ ಬಂದರೆ ನಮ್ಮಾಕಿ ಬಾಗಿಲಲ್ಲೇ ಹಿಡಿದಳು. "ಮುಳ್ಳು ಬೇಕಂತನ ಕಿತ್ತೀರಿ ಹೌದಲ್ರಿ? ಹುಡುಗಿನ್ನ ಒಬ್ಬಾಕಿನ್ನ ಕಳಸಾಕ?" ಬೀಗರು ಅದನ್ನೇ ಹಿಡಿದು ನನ್ನ ಜಾಣತನ ಹೊಗಳಿದರು. ಹೌದು ಅಂದುಬಿಡುವ ಆಸೆ ಆಗಿತ್ತು. ಆದರೆ ಇಷ್ಟು ಒಳ್ಳೆಯ ದಿನ ಸುಳ್ಳು ಯಾಕೆ? ಅದು ಬರೀ ಕೈಚಾಳಿ. ನಾನು ಜಾಣನಾಗಿದ್ದರೆ ಮುಳ್ಳನ್ನು ಅಲ್ಲೇ ಬಿಟ್ಟು ಮೊಮ್ಮಗಳ ಜೊತೆ ಮೆಲ್ಲಗೆ ತಿರುಗಿ ಬರುತ್ತಿದ್ದೆ, ಅವಳು ನನ್ನ ನೆರಳಿನ ಪಕ್ಕದಲ್ಲೇ ಉಳಿಯುತ್ತಿದ್ದಳು.

ಸಂಜೆ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕುಂತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬೀಗತಿಯವರು ಹಟ ಹಿಡಿದು ಮಾಡಿದ ಹೋಳಿಗೆ. ಗಂಡಸರ ಊಟ ಆಗಲಿ, ಹೆಂಗಸರು ಆಮೇಲೆ ಅನ್ನುವ ಮಾತು ನಿನ್ನೆ ಯಾರ ಬಾಯಿಂದಲೂ ಬರಲಿಲ್ಲ. ನಾನು ಎಮ್ಮೆಯ ಕಥೆಯನ್ನು ನಾಲ್ಕನೆಯ ಸಲ ಶುರು ಮಾಡಿದಾಗ ಸುಜಾತಾ, "ಮಾವಾರ, ಎಮ್ಮಿ ಎಲ್ಲೂ ಹೋಗಂಗಿಲ್ಲ, ರೊಟ್ಟಿ ಆರ್ತಾವ, ಉಣ್ರಿ" ಅಂದಳು. ವರ್ಷದ ಮೇಲೆ ಬೈದಳು. ಆ ರೊಟ್ಟಿಯ ರುಚಿ ಏನು ಹೇಳಲಿ!

ಆಗ ದಾನಮ್ಮ ತಲೆಯೆತ್ತಿ ಕೇಳಿದಳು. "ನಾವು ನೀರು ಬರೂ ಕಡೆ ಹೋಗಿದ್ವಿ. ಆಕಡೆ, ನೀರು ಹೋಗೂ ಕಡೆ, ಕಾಲವಿ ಎಲ್ಲಿ ಮುಗೀತದ?"

ಬೀಗರ ಮುಖ ನೋಡಿದೆ. ಜೀವಮಾನವೆಲ್ಲ ಆ ನೀರಿನಿಂದ ಹೊಲ ಮಾಡಿದವರು. "ಮುಂದ ಎರಡು ಊರು ನೋಡೇನಿ. ಅದರಾಚೆ ಗೊತ್ತಿಲ್ಲವಾ," ಅಂದರು. ಅದರ ದಂಡೆಯಲ್ಲೇ ಬೆಳೆದ ಸುಜಾತಾಗೂ ಗೊತ್ತಿರಲಿಲ್ಲ. ಹೊಳೆ ಕೂಡುತ್ತದೆ ಅಂತ ಒಬ್ಬರು, ಇಲ್ಲ ಸಣ್ಣದಾಗುತ್ತ ಹೊಲದಲ್ಲೇ ಇಂಗುತ್ತದೆ ಅಂತ ಇನ್ನೊಬ್ಬರು. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಎಲ್ಲರೂ ವಾದ ಮಾಡಿದೆವು.

"ಯಾರಿಗೂ ಗೊತ್ತಿಲ್ಲಂದ್ರ ಹೋಗಿ ನೋಡ್ಕೊಂಡು ಬರಬೇಕು," ಅಂದಳು ದಾನಮ್ಮ.

ನಾವೆಲ್ಲ ಸುಜಾತಾ ಏನನ್ನುತ್ತಾಳೋ ಅಂತ ನೋಡಿದೆವು. ಅವಳು ಮಗಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಬಿಟ್ಟಳು.

"ಮೊದಲ ಇದನ್ನ ಮುಗಸು," ಅಂದಳು. "ಅಲ್ಲೀತನಾ ಹೋಗೂದಂದ್ರ ಹೊಟ್ಟಿ ಗಟ್ಟಿ ಇರಬೇಕು."