ಇಪ್ಪತ್ತೆರಡು ನೀಲಿ ಅಂಗಿ

ಮೂರು, ನಾಲ್ಕು ವರ್ಷದ ಮಕ್ಕಳಿಗೆ ಯೂನಿಫಾರಂ ಬೇಕೋ ಬೇಡವೋ ಎಂಬ ಮಾತು ಎಲ್ಲಾದರೂ ಎದ್ದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಹೋಗಲು ಆಗದಿದ್ದರೆ ಜಗಳಕ್ಕೆ ನಿಲ್ಲುತ್ತೇನೆ. ಮನೆಯವರಿಗೆ ಇದು ಗೊತ್ತು. ಅಜ್ಜಿಗೆ ಯೂನಿಫಾರಂ ಕಂಡರೆ ಆಗುವುದಿಲ್ಲ ಎಂದು ನಗುತ್ತಾರೆ. ನಗಲಿ. ಆದರೆ ಒಂದು ಕಾಲಕ್ಕೆ ಅದು ಬೇಕೇ ಬೇಕು ಎಂದು ಹಟ ಹಿಡಿದು, ಬಟ್ಟೆ ತಂದು, ಹೊಲಿಸಿ, ಇಪ್ಪತ್ತೆರಡು ಮಕ್ಕಳ ಮೈಗೆ ಏರಿಸಿದವಳು ನಾನೇ. ಅದರಿಂದಲೇ ಆ ಮಕ್ಕಳಲ್ಲಿ ಒಂದು ಹುಡುಗಿಯ ಓದು ನನ್ನ ಕೈಯಲ್ಲಿ ಹಾಳಾಯಿತು. ಇದನ್ನು ಮನೆಯಲ್ಲಿ ಯಾರಿಗೂ ಇವತ್ತಿನವರೆಗೆ ಹೇಳಿಲ್ಲ.

ನಾನು ಹುಟ್ಟಿದ್ದು ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ, ಹೊಲಗದ್ದೆಗೆ ಕೊರತೆಯಿಲ್ಲದ ಮನೆಯಲ್ಲಿ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಣ್ಣುಮಗಳು ಎಸ್ಸೆಸ್ಸೆಲ್ಸಿ ಮಾಡಿದ್ದೇ ಹೆಚ್ಚಾಯಿತು ಎನ್ನುತ್ತಿದ್ದ ಅಪ್ಪನ ಎದುರು ಮೂರು ದಿನ ಊಟ ಬಿಟ್ಟು ಕೂತು, ಹಾಸನದಲ್ಲಿ ಶಿಶುವಿಹಾರದ ತರಬೇತಿಗೆ ಸೇರಿದೆ. ಮೂರನೆಯ ದಿನ ಅಮ್ಮ ಕದ್ದು ರೊಟ್ಟಿ ಕೊಟ್ಟಿದ್ದಳು, ಅದು ಬೇರೆ ಮಾತು.

ಮೊದಲ ಕೆಲಸ ಅರಕಲಗೂಡಿನಲ್ಲಿ, ಒಬ್ಬ ಹಿರಿಯ ಟೀಚರ ಕೈಕೆಳಗೆ. ಆಕೆ ಬಾಯಿ ತೆಗೆಯುವುದೇ ಅಪರೂಪ, ತೆಗೆದರೆ ಬಯ್ಯುವುದಕ್ಕೆ. ಮಕ್ಕಳ ಹೆಸರು ನೆನಪಿಡಲಾಗದೆ ನಾನು ತಡವರಿಸುತ್ತಿದ್ದರೆ ಆಕೆ ಹೇಳಿದ್ದು ಇದು: "ಎಸ್ರು ಆಮೇಲೆ ಕಲ್ತ್ಕೊ. ಮೊದ್ಲು ಬಟ್ಟೆ ನೋಡು. ಯಾವ್ದರ ಗುಂಡಿ ಕಿತ್ತೋಗೈತೆ, ಯಾವ್ದು ಮೂರ್ ದಿವ್ಸದಿಂದ ನೀರು ಕಂಡಿಲ್ಲ, ಯಾವ್ದು ಅಪ್ಪನ ಅಂಗಿ ಕತ್ರಿಸಿ ಒಲ್ದಿರಾದು. ಮಗೀನ ಮನೆ ಕತೆಯೆಲ್ಲ ಅದ್ರಾಗೇ ಇರ್ತೈತೆ ಕಣೆ."

ಅದು ನಿಜವಾಗಿತ್ತು. ಅಮ್ಮ ತವರಿಗೆ ಹೋದ ಮಗುವಿನ ಲಂಗ ಹಿಂದುಮುಂದಾಗಿರುತ್ತಿತ್ತು. ಮನೆಯಲ್ಲಿ ಜ್ವರ ಬಂದವರಿದ್ದರೆ ಮಗುವಿನ ಬಟ್ಟೆಯಲ್ಲಿ ಕಷಾಯದ ವಾಸನೆ ಇರುತ್ತಿತ್ತು. ಒಂದು ವರ್ಷ ಮುಗಿಯುವ ಹೊತ್ತಿಗೆ ನನಗೂ ಆ ಕಣ್ಣು ಬಂದಿತ್ತು.

ಮರುವರ್ಷ ಹೊಳೆನರಸೀಪುರದಲ್ಲಿ ಒಂದು ಶಿಶುವಿಹಾರವನ್ನು ನನ್ನೊಬ್ಬಳ ಕೈಗೇ ಒಪ್ಪಿಸಿದರು. ಊರಿನ ನಾಲ್ಕೈದು ಜನ ಹೆಂಗಸರು ಸೇರಿ ನಡೆಸುತ್ತಿದ್ದದ್ದು. ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ ಒಂದು ಹಳೆಯ ಮನೆಯ ಉದ್ದನೆಯ ಕೋಣೆ, ಮೇಲೆ ಒಂದು ಸಣ್ಣ ಕಿಟಕಿ, ನನಗೊಂದು ಕುರ್ಚಿ, ಮಕ್ಕಳಿಗೆ ಚಾಪೆ, ಜೊತೆಗೆ ಒಬ್ಬಳು ವಯಸ್ಸಾದ ಆಯಾ. ಮಕ್ಕಳನ್ನು ನಾನು ಬಟ್ಟೆಯ ಮೇಲೇ ಕರೆಯುತ್ತಿದ್ದೆ. ಎರಡು ಜೇಬಿನವನು, ಅಪ್ಪನ ಅಂಗಿ, ಹಳದಿ ರಿಬ್ಬನ್ನು. ಅವರಿಗೂ ಅದು ಹಿಡಿಸಿತ್ತು. ಹೊಸ ಅಂಗಿ ಹಾಕಿ ಬಂದವನು ಬಾಗಿಲಲ್ಲೇ ನಿಂತು, ಇವತ್ತು ನನ್ನ ಹೆಸರೇನು ಎಂದು ಕೇಳುತ್ತಿದ್ದ.

ಇವರಲ್ಲಿ ಕೆಂಪು ಅಂಚು ಎಂದು ಒಬ್ಬಳು. ಇನ್ನೂ ನಾಲ್ಕು ತುಂಬಿರಲಿಲ್ಲ. ಅಜ್ಜಿಯ ಹಳೆ ಸೀರೆಯ ಅಂಚನ್ನು ಹರಿದು ಹೊಲಿದ ಲಂಗ, ಬೀದಿಯ ಆ ತುದಿಯಿಂದಲೇ ಕಾಣುವಷ್ಟು ಕೆಂಪು. ಊರಾಚೆಯ ಕೇರಿಯ ಮಗು. ಅವಳ ಅಮ್ಮ ಕೂಲಿಗೆ ಹೋಗುತ್ತಿದ್ದಳು. ಆ ಕೇರಿಯಿಂದ ಒಂದು ಹೆಣ್ಣುಮಗುವೂ ಅಲ್ಲಿಯವರೆಗೆ ಯಾವ ಶಾಲೆಯ ಹೊಸಿಲನ್ನೂ ತುಳಿದಿರಲಿಲ್ಲ. ನಾನು ಮೂರು ಸಲ ಆ ಮನೆಗೆ ಹೋಗಿ ಕೇಳಿದ್ದೆ. "ನಮ್ಮ ಮಗೀನ ಅಲ್ಲಿ ಕೂರ್ಸ್ಕತಾರಾ ಮೇಷ್ಟ್ರಮ್ಮ?" ಎಂದು ಅಮ್ಮ ಕೇಳಿದಾಗ, "ನಾನು ಕೂರಿಸ್ಕೋತೀನಿ. ನಿನ್ನ ಮಗು ನನ್ನ ಜವಾಬ್ದಾರಿ" ಎಂದು ಎದೆಯುಬ್ಬಿಸಿ ಹೇಳಿ ಕರೆತಂದಿದ್ದೆ.

ಎಂಥ ಹುಡುಗಿ! ಏನು ಕೇಳಿದರೂ ಎಲ್ಲರಿಗಿಂತ ಮೊದಲು "ನಾನ್ ಏಳ್ತೀನಿ, ನಾನ್ ಏಳ್ತೀನಿ" ಎಂದು ಎದ್ದು ನಿಲ್ಲುವಳು. ಬೆಳಿಗ್ಗೆ ಹೇಳಿಕೊಟ್ಟ ಹಾಡನ್ನು ಮಧ್ಯಾಹ್ನಕ್ಕೆ ತಾನೇ ಉಳಿದವರಿಗೆ ಹೇಳಿಕೊಡುವಳು. ಹುಣಿಸೆಬೀಜ ಸಾಲಾಗಿಟ್ಟು ಇಪ್ಪತ್ತರವರೆಗೆ ಎಣಿಸುವುದನ್ನು ಒಂದೇ ವಾರದಲ್ಲಿ ಕಲಿತಳು. ಇವಳು ಟೀಚರಾಗುತ್ತಾಳೆ, ನನ್ನನ್ನೂ ಮೀರಿಸುತ್ತಾಳೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಅಜ್ಜಿ ಕರೆದುಕೊಂಡು ಹೋಗಲು ಬರುತ್ತಿದ್ದಳು. ಆದರೆ ಬೀದಿಯ ಮೊದಲಿಗಿದ್ದ ಅರಳಿಮರದ ಬುಡದಲ್ಲೇ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದೆ ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಗುವೇ ಓಡಿಹೋಗಿ ಅವಳ ಕಾಲು ತಬ್ಬಿಕೊಳ್ಳುತ್ತಿತ್ತು.

ಹೀಗೆ ಎರಡು ತಿಂಗಳಾಗಿರಬೇಕು. ಆ ಬೀದಿಯ ದೊಡ್ಡ ಮನೆಯೊಂದರ ಸೊಸೆ ಒಂದು ದಿನ ತನ್ನ ಮಗನನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತು, "ಆ ಕೆಂಪಂಚಿನ ಲಂಗದ್ದು ಯಾರ್ ಮಗು?" ಎಂದಳು. ನಾನು ಉತ್ತರ ಕೊಡುವ ಮೊದಲೇ ಒಳಗೆ ಬಂದು, ಮಗನ ಚಾಪೆಯನ್ನು ಎಳೆದು ಗೋಡೆಯ ಆ ಬದಿಗೆ ಹಾಕಿ ಹೋದಳು. ಹುಡುಗಿಗೆ ಅದು ಆಟವೆನಿಸಿ ತನ್ನ ಚಾಪೆಯನ್ನೂ ಎಳೆದುಕೊಂಡು ಅವನ ಪಕ್ಕಕ್ಕೇ ಹೋಗಿ ಕೂತಳು. ನನಗೆ ಮೈಯೆಲ್ಲ ಉರಿಯಿತು.

ಎಲ್ಲರಿಗೂ ಒಂದೇ ಬಟ್ಟೆ ಹಾಕಿಸಿದರೆ ಯಾರ ಮಗು ಎಂದು ಯಾರು ಕೇಳುತ್ತಾರೆ, ನೋಡೇಬಿಡೋಣ ಎಂದುಕೊಂಡೆ. ಪೇಟೆಯ ಬಟ್ಟೆ ಅಂಗಡಿಯವರನ್ನು ಕಾಡಿ ನೀಲಿ ಬಟ್ಟೆಯ ಒಂದು ಥಾನು ತಂದೆ. ದರ್ಜಿ ಗಂಡು ಹೆಣ್ಣು ಎಂದು ನೋಡದೆ ಎಲ್ಲರಿಗೂ ಮಂಡಿವರೆಗಿನ ಒಂದೇ ನಮೂನೆಯ ಅಂಗಿ ಹೊಲಿದುಕೊಟ್ಟ. ಮೊದಲ ದಿನ ಇಪ್ಪತ್ತೆರಡೂ ನೀಲಿಯಾಗಿ ಸಾಲು ನಿಂತಾಗ ನನಗೆ ಕಣ್ಣು ತುಂಬಿ ಬಂದಿತ್ತು. ದೊಡ್ಡ ಮನೆಯ ಮಗ ಯಾರು, ಕೇರಿಯ ಮಗಳು ಯಾರು ಎಂದು ಬೆನ್ನ ಕಡೆಯಿಂದ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಒಂದು ನಿಯಮವನ್ನೂ ಮಾಡಿದೆ. ಬೆರಳು ಆಡಿಸಿ ಮಕ್ಕಳಿಗೆ ಹೇಳಿದೆ: "ಯಾರ ಅಂಗಿ ಕೊಳೆಯಾದ್ರೂ ಒಳಗೆ ಸೇರಿಸಲ್ಲ. ಇದು ಶಾಲೆ ಬಟ್ಟೆ, ನೆನಪಿರಲಿ." ಅನುಕೂಲವಿದ್ದ ಮನೆಯವರು ಅದೇ ಬಟ್ಟೆ ಕೊಂಡು ಇನ್ನೊಂದು ಜೊತೆ ಹೊಲಿಸಿಕೊಂಡರು. ಹುಡುಗಿಯ ಅಮ್ಮ ಕೂಲಿಯಿಂದ ಬಂದ ಮೇಲೆ ದಿನಾ ಅದೊಂದನ್ನೇ ಒಗೆದು ಒಲೆಯ ಹತ್ತಿರ ಒಣಗಿಸುತ್ತಿದ್ದಳು.

ಆಮೇಲೆ ನಾನು ಸೋಮಾರಿಯಾದೆ. ಬಟ್ಟೆ ನೋಡಿ ಮಗುವನ್ನು ಗುರುತಿಸುತ್ತಿದ್ದವಳು ತಲೆ ಎಣಿಸತೊಡಗಿದೆ. ಎಣಿಸುವುದು ಸುಲಭ.

ಅದು ಸುಗ್ಗಿಯ ಸಮಯ, ಒಂದು ಶನಿವಾರ, ಅರ್ಧ ದಿನದ ಶಾಲೆ. ಆಯಾ ಮಗಳ ಮನೆಗೆ ಹೋಗಿದ್ದಳು, ನಾನೊಬ್ಬಳೇ. ಭತ್ತದ ಕೊಯ್ಲಿಗೆಂದು ಅಮ್ಮ ಕತ್ತಲಿರುವಾಗಲೇ ಎದ್ದಿದ್ದರಿಂದ ಹುಡುಗಿಗೂ ನಿದ್ದೆ ಸಾಲದೆ ಬೆಳಿಗ್ಗೆಯಿಂದ ತೂಕಡಿಸುತ್ತಿದ್ದಳು. ಹನ್ನೆರಡಕ್ಕೆ ಮಕ್ಕಳನ್ನು ಬಾಗಿಲ ಹೊರಗೆ ಸಾಲು ನಿಲ್ಲಿಸಿ, ನೆತ್ತಿ ಮುಟ್ಟಿ ಎಣಿಸಿದೆ. ಇಪ್ಪತ್ತೆರಡು. ಕೋಣೆಯೊಳಗೆ ಒಮ್ಮೆ ಇಣುಕಿದೆ. ಮಬ್ಬುಗತ್ತಲು, ಸುತ್ತಿಟ್ಟ ಚಾಪೆಗಳು, ಅಷ್ಟೆ. ಬೀಗ ಹಾಕಿ ಮನೆಗೆ ಹೋಗಿ ಊಟ ಮಾಡಿ ಮಲಗಿದೆ.

ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ಅಮ್ಮ ನನ್ನ ಬಾಡಿಗೆ ಮನೆಯ ಮುಂದೆ ಬಂದು ನಿಂತಳು. ಸೆರಗಿನಲ್ಲಿ ಭತ್ತದ ಹೊಟ್ಟು ಹಾಗೇ ಇತ್ತು. "ಮೇಷ್ಟ್ರಮ್ಮ, ಮಗು ಮನೀಗ್ ಬರ್ನಿಲ್ಲ. ನಾನೇ ಕರ್ಕೊಂಡ್ ಓಗಿವ್ನಿ ಅನ್ಕಂಡು ನಮ್ಮವ್ವ ಒಂಟೋಗ್ಬುಟ್ಟವ್ಳೆ" ಎಂದಳು.

"ನಾನೇ ಎಣಿಸಿ ಕಳಿಸಿದ್ದೀನಲ್ಲ" ಎಂದೆ. "ಇಪ್ಪತ್ತೆರಡೂ ಆಚೆ ಹೋದ್ವು."

"ಒಂದ್ ಕಿತ ಕ್ವಾಣೆ ತಗ್ದು ನೋಡ್ಬುಡಾಣ ಕಣವ್ವ."

ಅವಳು ಕೇಳಿದ್ದು ಇಷ್ಟೇ. ನನಗೆ ಸಿಟ್ಟು ಬಂತು. "ನನಗೇನು ಎಣಿಸೋಕೆ ಬರಲ್ವಾ? ಹೊಳೆ ಕಡೆ ನೋಡು ನಡಿ" ಎಂದೆ. ಅವಳು ಎದುರು ಮಾತಾಡಲಿಲ್ಲ. ಮಾತಾಡಬಹುದು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೇರಿಯ ಗಂಡಸರು ಲಾಟೀನು ಹಿಡಿದು ಹೊಳೆದಂಡೆಯ ಜೊಂಡನ್ನು ಕೋಲಿನಿಂದ ಸರಿಸಿ ಸರಿಸಿ ನೋಡಿದರು. ಅಮ್ಮ ಮೊಣಕಾಲುದ್ದ ನೀರಿಗಿಳಿದು ಮಗುವಿನ ಹೆಸರು ಕೂಗುತ್ತಿದ್ದಳು. ನಾನೂ ದಡದಲ್ಲಿ ನಿಂತು ಕೂಗಿದೆ. ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಒಂದು ಗಂಟೆಯಾದ ಮೇಲೆ, ಇನ್ನಷ್ಟು ಜನರನ್ನು ಕರೆಯೋಣವೆಂದು ಮೇಲೆ ಬರುತ್ತಿದ್ದೆ. ಆ ದೊಡ್ಡ ಮನೆಯ ಜಗಲಿಯ ಮೇಲೆ, ದೀಪದ ಬೆಳಕಿನಲ್ಲಿ, ನೀಲಿ ಅಂಗಿಯ ಇಬ್ಬರು ಹುಡುಗರು ಆಡುತ್ತಿದ್ದರು. ದೊಡ್ಡವನು ನನ್ನ ಶಾಲೆಯವನು. ಚಿಕ್ಕವನು ಅವನ ತಮ್ಮ, ಎರಡೂವರೆ ವರ್ಷದವನು, ನನ್ನ ಶಾಲೆಗೆ ಸೇರಿದವನೇ ಅಲ್ಲ. ಅಣ್ಣನ ಎರಡನೆಯ ಜೊತೆ ಅವನ ಮೈಮೇಲಿತ್ತು. ಬಾಯಲ್ಲಿ ಹೆಬ್ಬೆರಳು ಇಟ್ಟುಕೊಂಡು ನನ್ನನ್ನೇ ನೋಡಿದ. ಮಧ್ಯಾಹ್ನ ಅಣ್ಣನನ್ನು ಕರೆಯಲು ಆಳಿನ ಜೊತೆ ಬಂದಿದ್ದವನು ಸಾಲಿನ ಕೊನೆಯಲ್ಲಿ ಹೀಗೇ ಹೆಬ್ಬೆರಳು ಚೀಪುತ್ತ ನಿಂತಿದ್ದ. ಅವನ ನೆತ್ತಿ ಮುಟ್ಟಿ ನಾನು ಇಪ್ಪತ್ತೆರಡು ಎಂದಿದ್ದೆ.

ಹೇಗೆ ಓಡಿದೆನೋ ತಿಳಿಯದು. ಕತ್ತಲಲ್ಲಿ ಕೀಲಿ ಬೀಗಕ್ಕೆ ಕೂರಲಿಲ್ಲ. ನಾನು ಓಡಿದ್ದನ್ನು ಕಂಡು ಹೊಳೆಯಿಂದ ಹಿಂದೆಯೇ ಓಡಿಬಂದ ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು ತೆಗೆದಳು. ಆ ಬಾಗಿಲನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಹುಡುಗಿ ಚಾಪೆಗಳ ಹಿಂದೆ, ನಿದ್ದೆ ಹೋಗಿದ್ದ ಜಾಗದಲ್ಲೇ, ಮಂಡಿ ಮಡಚಿ ಕೂತಿದ್ದಳು. ಮೈಮೇಲೆ ನೂಲೆಳೆಯೂ ಇರಲಿಲ್ಲ. ಕೋಣೆಯ ಇನ್ನೊಂದು ಮೂಲೆ ಒದ್ದೆಯಾಗಿತ್ತು. ನೀಲಿ ಅಂಗಿ ನನ್ನ ಕುರ್ಚಿಯ ಮೇಲಿತ್ತು, ಮಗುವಿನ ಕೈಗೆ ಬಂದಂತೆ ಮಡಚಿಟ್ಟದ್ದು, ಒಂದು ಚೂರೂ ಕೊಳೆಯಿಲ್ಲದ್ದು. ಅಮ್ಮನನ್ನು ಕಂಡು ಅಳಲು ಬಾಯಿ ತೆರೆದಳು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಅಮ್ಮ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ನೋಡದೆ ಹೋದಳು. ಅಂಗಿ ಕುರ್ಚಿಯ ಮೇಲೇ ಉಳಿಯಿತು.

ಸೋಮವಾರ ಹುಡುಗಿ ಬರಲಿಲ್ಲ. ಸಂಜೆ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಕೇರಿಗೆ ಹೋದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೆಲ್ಲಗೆ ಹೇಳಿದಳು: "ಅದ್ನ ಒಳಿಕ್ ತರ್ಬ್ಯಾಡ್ರವ್ವ. ನಮ್ಮವ್ವಂಗೆ ಕಣ್ಣು ಮಂಜು. ಆ ಕೆಂಪ್ ಅಂಚು ಇದ್ದಿದ್ರೆ, ಮಗು ಆಚೀಕ್ ಬರ್ನಿಲ್ಲ ಅಂತ ಮರದ್ ತಾವಿಂದ್ಲೇ ಗೊತ್ತಾಗೋದು. ಎಲ್ಲಾ ನೀಲಿ ಮಾಡ್ಬುಟ್ರಿ. ಅವ್ಳು ಯಾವ್ದ ಅಂತ ನೋಡ್ಯಾಳು?"

ಶಿಶುವಿಹಾರ ನಡೆಸುತ್ತಿದ್ದ ಹೆಂಗಸರು, "ಹೋಗ್ಲಿ ಬಿಡಿ, ಅವರಿಗ್ಯಾಕೆ ಓದು" ಎಂದರು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅದೇ ಮಗು ಜಗಲಿಯ ಮನೆಯದಾಗಿದ್ದರೆ ಅವತ್ತೇ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಎರಡು ವಾರ ಕಳೆಯುವುದರೊಳಗೆ ಇನ್ನೊಂದು ಮಗು ಸೇರಿತು. ಆ ಅಂಗಿ ಅದಕ್ಕೆ ಸರಿಯಾಗಿ ಕೂತಿತು. ತೊಡಿಸಿದವಳು ನಾನೇ. ಸಾಲು ನಿಲ್ಲಿಸಿ ಎಣಿಸಿದರೆ ಮತ್ತೆ ಇಪ್ಪತ್ತೆರಡು. ನಾಚಿಕೆಗೆಟ್ಟವಳು ಎಂಬ ಮಾತನ್ನು ನನಗೆ ನಾನೇ ಹೇಳಿಕೊಳ್ಳಬೇಕಾಗಿ ಬಂತು.

ಮುಂದಿನ ವರ್ಷ ಕೇಳಿಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ನನ್ನ ಮಕ್ಕಳು ಮನೆಯಲ್ಲಿ ಇದ್ದದ್ದನ್ನು ಹಾಕಿಕೊಂಡು ಬರುತ್ತಿದ್ದರು. ನೋಡಲು ಬಂದ ಅಧಿಕಾರಿಯೊಬ್ಬರು, "ಏನಮ್ಮ ಇದು, ಸಂತೆ ಥರಾ ಇದೆಯಲ್ಲ. ಒಂದು ಶಿಸ್ತು ಬೇಡವಾ?" ಎಂದರು. "ಇಲ್ಲಿ ಯಾವ ಮಗು ಯಾವುದು ಅಂತ ನನಗೆ ಗೊತ್ತು ಸಾರ್, ಅದೇ ಶಿಸ್ತು" ಎಂದೆ. ಸಂಜೆ ಬೀಗ ಹಾಕುವ ಮೊದಲು ಎಲ್ಲ ಚಾಪೆಗಳನ್ನೂ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಡುತ್ತಿದ್ದೆ. ಟೀಚರಿಗೆ ಗೀಳು ಎಂದು ಅಲ್ಲಿಯ ಆಯಾ ನಗುತ್ತಿದ್ದಳು.

ನಾಲ್ಕು ವರ್ಷ ಆ ಕೇರಿಯ ಕಡೆ ತಲೆ ಹಾಕುವ ಧೈರ್ಯ ಬರಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಹೋದೆ. ಅಮ್ಮ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಗುರುತು ಹಿಡಿದು, ಕೂರಲು ಮಣೆ ತಂದಿಟ್ಟಳು. ಹುಡುಗಿಯನ್ನು ದೊಡ್ಡ ಶಾಲೆಗೆ ಸೇರಿಸಲಿಲ್ಲವೇ ಎಂದು ಕೇಳಿದೆ.

"ಎಲ್ ಸೇರ್ಸಾದು. ಎರಡ್ ಕಿತ ಕರ್ಕೊಂಡ್ ಓದೆ. ಬಾಗ್ಲು ಕಂಡಿದ್ದೇ ಓಡ್ ಬಂದ್ಬುಟ್ಳು. ಮನೇಲೂ ಅಂಗೇಯ, ಬಾಗ್ಲು ಆಕಿದ್ರೆ ಇರಾಕಿಲ್ಲ. ಚಳೀಲೂ ಜಗ್ಲಿ ಮ್ಯಾಲೇ ಮಲಗ್ತಾಳೆ" ಎಂದಳು.

ಅಷ್ಟರಲ್ಲಿ ಹುಡುಗಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದಳು. ಎಂಟು ವರ್ಷದವಳು, ಉದ್ದಕ್ಕೆ ಬೆಳೆದಿದ್ದಳು. ನನ್ನನ್ನು ನೋಡಿದ್ದೇ ಹೊರೆ ಇಳಿಸಿ ಅಮ್ಮನ ಹಿಂದೆ ಸರಿದು ಸೆರಗು ಹಿಡಿದುಕೊಂಡಳು. "ನಾನು ಯಾರು ಗೊತ್ತಾ?" ಎಂದೆ. ಹೌದೆಂದು ತಲೆ ಆಡಿಸಿದಳು. ಕೇಳಿದ ಪ್ರಶ್ನೆಗೆಲ್ಲ ಎದ್ದು ನಿಲ್ಲುತ್ತಿದ್ದವಳು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು. ಆಮೇಲೆ ಅಮ್ಮನ ಬೆನ್ನ ಹಿಂದಿನಿಂದಲೇ ಅಂದಳು.

"ನಾ ಅಂಗಿ ಕೊಳೆ ಮಾಡ್ನಿಲ್ಲ ಮೇಷ್ಟ್ರಮ್ಮ. ಬಿಚ್ಚಿ ಕುರ್ಚಿ ಮ್ಯಾಲ್ ಮಡಗಿದ್ದೆ."

"ನೋಡಿದೆ ಕಣವ್ವ" ಎಂದೆ. "ಚೂರೂ ಕೊಳೆ ಆಗಿರಲಿಲ್ಲ."

ಆಗ ಅವಳು ಸೆರಗು ಬಿಟ್ಟು ಈಚೆ ಬಂದಳು.