ಸೀಟಿಯಕ್ಕನ ಮೂರನೆಯ ಪರೀಕ್ಷೆ

ಸೀಟಿಯಕ್ಕನಿಗೆ ಹೆದರಿಕೆಯೆಂದರೆ ಏನೆಂದೇ ಗೊತ್ತಿಲ್ಲ ಎಂದು ಅವಳ ಬಸ್ಸಿನಲ್ಲಿ ಓಡಾಡುವವರೆಲ್ಲ ನಂಬಿದ್ದರು. ಹತ್ತೊಂಬತ್ತು ವರ್ಷದಿಂದ ಬಸ್ಸಿನ ಕಂಡಕ್ಟರು. ಕುಡಿದು ಗಲಾಟೆ ಮಾಡಿದವನನ್ನು ಕಾಲರು ಹಿಡಿದು ಇಳಿಸಿದವಳು, ಟಿಕೆಟ್ ತಪ್ಪಿಸಲು ನಿದ್ದೆಯ ನಾಟಕವಾಡುವವರನ್ನು ಬರೀ ಕೆಮ್ಮಿನಿಂದಲೇ ಎಬ್ಬಿಸಿದವಳು. ಅಂಥವಳು ಈ ಬೆಳಗ್ಗೆ ಏಳೂವರೆಗೇ ಡ್ರೈವಿಂಗ್ ಪರೀಕ್ಷೆಯ ಮೈದಾನದ ಸಿಮೆಂಟು ಬೆಂಚಿನ ಮೇಲೆ ಕೂತು ಕರವಸ್ತ್ರ ಹಿಂಡುತ್ತಿದ್ದಳು. ಅಂಗೈ ಒರೆಸಿದಷ್ಟೂ ಬೆವರುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ಕಾರಣವಿಲ್ಲದ ಹೆದರಿಕೆಯೇನಲ್ಲ. ಬಾಗಿಲಲ್ಲೇ ಟಿಕೆಟ್ ಯಂತ್ರವಿರುವ ಹೊಸ ಬಸ್ಸುಗಳು ಬರುತ್ತಿದ್ದವು. ಇನ್ನು ಮುಂದೆ ಕಂಡಕ್ಟರುಗಳೇ ಬೇಡ ಎಂದು ಡಿಪೋದ ಗೋಡೆಗೆ ನೋಟೀಸು ಅಂಟಿಸಿದ್ದರು. ತಿಂಗಳು ಮುಗಿಯುವುದರೊಳಗೆ ಬಸ್ಸು ಓಡಿಸುವ ಲೈಸೆನ್ಸ್ ತಂದವರಿಗೆ ಡ್ರೈವರ್ ಸೀಟು. ತರದವರಿಗೆ ಡಿಪೋದ ಹಿಂಬದಿಯ ಉಗ್ರಾಣದಲ್ಲಿ ಹಳೆಯ ಬಿಡಿಭಾಗಗಳಿಗೆ ಚೀಟಿ ಕಟ್ಟುವ ಕೆಲಸ. ಆ ಉಗ್ರಾಣಕ್ಕೆ ಒಂದು ಕಿಟಕಿಯೂ ಇಲ್ಲ. ನೆರಳಲ್ಲಿ ಕೂತು ಮಾಡುವ ಕೆಲಸ, ಒಳ್ಳೆಯದೇ ಆಯಿತಲ್ಲ ಎಂದು ಗಂಡ ಹೇಳಿದ್ದ. ಅವನು ದರ್ಜಿ, ಮೂವತ್ತು ವರ್ಷ ಒಂದೇ ಸ್ಟೂಲು ಸವೆಸಿ ಅದನ್ನೇ ಸುಖ ಅಂದುಕೊಂಡವನು. ಅವಳಿಗೆ ದಾರಿ ಬೇಕಿತ್ತು. ಮೂರನೇ ಸ್ಟಾಪಿನಲ್ಲಿ ಹತ್ತುವ ಶಾಲೆಯ ಟೀಚರು, ಆಸ್ಪತ್ರೆ ತಿರುವಿನಲ್ಲಿ ಕಿಟಕಿಯಿಂದ ಬರುವ ಬಿಸಿಲು, ಇವೆಲ್ಲ ಇಲ್ಲದೆ ತಾನು ಬಾಡಿಹೋಗುತ್ತೇನೆ ಎಂದು ಅವಳಿಗೆ ಖಂಡಿತ ಗೊತ್ತಿತ್ತು. ಇದು ಮೂರನೆಯ ಸಲ. ಇದೂ ಕೈಕೊಟ್ಟರೆ ಮುಂದಿನ ಸರದಿ ಎರಡು ತಿಂಗಳ ಮೇಲೆ, ಅಷ್ಟರಲ್ಲಿ ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿರುತ್ತದೆ.

ಹಿಂದಿನ ಎರಡು ಸಲವೂ ಅವಳು ಫೇಲಾದದ್ದು ಬಸ್ಸು ಓಡಿಸಲು ಬಾರದೆ ಅಲ್ಲ, ಕಂಡಕ್ಟರ್ ಕೆಲಸ ಚೆನ್ನಾಗಿ ಬಂದದ್ದರಿಂದ. ಎರಡು ಸೀಟಿ ಊದಿದರೆ ಹೊರಡು, ಒಂದು ಊದಿದರೆ ನಿಲ್ಲು. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರು ಇಳಿದು ಅದರ ಬೆನ್ನು ತಟ್ಟುತ್ತ ಹೋಗಬೇಕು. ಒಮ್ಮೆ ಜೋರಾಗಿ ಬಡಿದರೆ ಡ್ರೈವರು ಅಲ್ಲಿಗೇ ಬ್ರೇಕು ಒತ್ತಬೇಕು. ಇದು ಅವಳ ರಕ್ತಕ್ಕಿಳಿದಿತ್ತು. ಮೊದಲ ಪರೀಕ್ಷೆಯಲ್ಲಿ ಏರಿನ ಮೇಲೆ ಗೆರೆ ದಾಟದಂತೆ ಚಂದವಾಗಿ ನಿಲ್ಲಿಸಿದಳು, ಆಮೇಲೆ ಕೂತೇ ಇದ್ದಳು. ಯಾರಾದರೂ ಸೀಟಿ ಊದಲಿ ಎಂದು ತಾನು ಕಾಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ಸಮಯ ಮುಗಿದಿತ್ತು. ಎರಡನೆಯ ಸಲ ಹಿಂದಕ್ಕೆ ಬರುತ್ತಿರುವಾಗ ಪಕ್ಕದ ಲಾರಿಯವನು ಬಾಗಿಲು ಬಡಿದ. ಅವಳ ಕಾಲು ಅವಳನ್ನು ಕೇಳದೆಯೇ ಬ್ರೇಕು ತುಳಿಯಿತು. ಹಿಂದಕ್ಕೆ ಬರುವಾಗ ಅಕ್ಕಪಕ್ಕ ನೆಟ್ಟ ಕಂಬ ಮುಟ್ಟಿದರೂ ಫೇಲು, ನಡುವೆ ನಿಲ್ಲಿಸಿದರೂ ಫೇಲು.

ಹೆದರಿಕೆ ಹೋಗಲು ಏನು ಮಾಡಬೇಕೆಂದು ಊರೆಲ್ಲ ಹೇಳಿಕೊಟ್ಟಿತು. ಬಿಟ್ಟಿ ಬುದ್ಧಿವಾದಕ್ಕೆ ಬರಗಾಲ ಎಲ್ಲಿದೆ? ನಾಲ್ಕು ಎಣಿಸುತ್ತ ಉಸಿರು ಎಳೆದುಕೋ, ಆರು ಎಣಿಸುತ್ತ ಬಿಡು ಎಂದು ಮಗಳು ವಾರವಿಡೀ ಅಭ್ಯಾಸ ಮಾಡಿಸಿದ್ದಳು. ಬೆಂಚಿನ ಮೇಲೆ ಅದನ್ನೇ ಮಾಡಹೋದರೆ ಎಣಿಕೆ ಹತ್ತೊಂಬತ್ತು, ಇಪ್ಪತ್ತು ಎಂದು ಮುಂದೆ ಓಡಿತು. ಎಣಿಸಲು ಶುರುಮಾಡಿದರೆ ಬಸ್ಸಿನ ತಲೆಗಳನ್ನೆಲ್ಲ ಮುಗಿಸಿಯೇ ನಿಲ್ಲಿಸುವ ಚಾಳಿ ಅವಳದು. ಉಸಿರು ನಡುವೆಯೇ ಸಿಕ್ಕಿಕೊಂಡು ಕೆಮ್ಮು ಬಂತು.

ಪಕ್ಕದಲ್ಲಿ ದೊಡ್ಡಣ್ಣ ಕೂತಿದ್ದ. ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ. ಹನ್ನೊಂದು ವರ್ಷ ಅವನು ಡ್ರೈವರು, ಇವಳು ಕಂಡಕ್ಟರು. ಒಂದೇ ಬಸ್ಸು, ಒಂದೇ ದಾರಿ. ಕಣ್ಣಿಗೆ ಪೊರೆ ಬಂದು ಹೋದ ವರ್ಷ ಕೆಲಸ ಬಿಟ್ಟ. ಅಂದಿನಿಂದ ಭಾನುವಾರ ಭಾನುವಾರ ಡಿಪೋದ ಅಂಗಳದಲ್ಲಿ ಇವಳಿಗೆ ಬಸ್ಸು ಕಲಿಸಿದವನು ಅವನೇ. ಇವಳ ರೋಗಕ್ಕೆ ಮದ್ದು ಹುಡುಕಿದವನೂ ಅವನೇ: ಯಾರ ಸೀಟಿಗೂ ಕಾಯಬೇಡ, ನಿನ್ನ ಬಾಯಲ್ಲೇ ಮೆಲ್ಲಗೆ ಎರಡು ಸೀಟಿ ಹಾಕಿಕೋ, ಹೊರಡು. ಅಂಗಳದಲ್ಲಿ ಆ ಮದ್ದು ಒಂದು ಸಲವೂ ತಪ್ಪಿರಲಿಲ್ಲ.

ಪರೀಕ್ಷಕರು ಹೆಸರು ಕೂಗಿದರು. ಅವಳು ಕರವಸ್ತ್ರವನ್ನು ಚೀಲಕ್ಕೆ ತುರುಕಿ ಎದ್ದಳು.

"ನಾನು ಬೇಲಿ ಹತ್ರಾನೇ ಇರ್ತೀನಿ," ಎಂದ ದೊಡ್ಡಣ್ಣ. "ನೀನು ನನ್ನ ಕಡೆ ನೋಡ್ಬೇಡ."

ಪರೀಕ್ಷಕರು ಸಣಕಲು ಮನುಷ್ಯ. ಮಾತಿಗೆ ಬದಲು ಪೆನ್ನಿನಿಂದ ದಾರಿ ತೋರಿಸುವವರು. ಬಸ್ಸು ಹೊರಟಿತು. ತಿರುವುಗಳು ಹೇಗೋ ಕಳೆದವು. ಏರಿನ ಮೇಲೆ ಗೆರೆ ಬಂತು, ನಿಲ್ಲಿಸಿದಳು. ಈಗ ಸೀಟಿ. ತುಟಿ ಮುಂದೆ ಮಾಡಿ ಊದಿದಳು. ಒಣಗಿದ ಬಾಯಿಂದ ಬರೀ ಗಾಳಿ ಬಂತು. ಮತ್ತೆ ಊದಿದಳು. ಸದ್ದಿಲ್ಲ. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಕಣ್ಣೆದುರು ಆ ಕಿಟಕಿಯಿಲ್ಲದ ಕೋಣೆ ಬಂದು ನಿಂತಿತು. ಈ ಸೀಟಿಯ ಮನೆ ಹಾಳಾಗಲಿ ಎಂದು ಮನಸ್ಸಿನಲ್ಲೇ ಬೈದು ಕ್ಲಚ್ಚು ಬಿಟ್ಟಳು. ಬಸ್ಸು ಒಂದು ಸಲ ನಡುಗಿ ಮೇಲೇರಿತು.

ಉಳಿದದ್ದು ಹಿಂದಕ್ಕೆ ತೆಗೆಯುವುದು. ಬಿಳಿ ಕಂಬಗಳ ಸಾಲಿನ ನಡುವೆ, ತಗಡಿನ ಬೇಲಿಯವರೆಗೆ. ಆಮೆಯ ನಡಿಗೆಯಲ್ಲಿ ಬಂದಳು. ಅರ್ಧ ದಾರಿ ಆಯಿತು, ಮುಕ್ಕಾಲು ಆಯಿತು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು.

ಆಗ ಹಿಂದಿನಿಂದ ತಗಡಿನ ಮೇಲೆ ಒಂದು ಏಟು ಬಿತ್ತು. ಒಂದೇ ಏಟು, ಜೋರಾಗಿ.

ಯಾರ ಕೈ ಎಂದು ಅವಳಿಗೆ ಗೊತ್ತಾಯಿತು. ಸುಮ್ಮನೆ ಬಡಿಯುವ ಮನುಷ್ಯ ಅವನಲ್ಲ. ಕಂಬ ತಾಗುವುದು ಕಂಡೇ ಬಡಿದಿದ್ದಾನೆ. ಕಾಲು ಆಗಲೇ ಬ್ರೇಕಿನ ಮೇಲಿತ್ತು, ಇನ್ನೂ ಒತ್ತಿರಲಿಲ್ಲ. ನಿಲ್ಲಿಸಿದರೆ ಫೇಲು. ನಿಲ್ಲಿಸದೆ ತಾಗಿಸಿದರೂ ಫೇಲು, ಅದೂ ಕಲಿಸಿದವನ ಮಾತು ಮೀರಿ. ಒಂದು ಉಸಿರಿನಷ್ಟು ಹೊತ್ತು ಅವಳು ಏನೂ ಮಾಡಲಿಲ್ಲ. ಆಮೇಲೆ ಕನ್ನಡಿ ನೋಡಿದಳು. ಕಂಬಕ್ಕೂ ಬಸ್ಸಿಗೂ ನಡುವೆ ಒಂದು ಗೇಣು ಬೆಳಕು. ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ಬೆಳಕು ಇತ್ತು. ಬ್ರೇಕಿನಿಂದ ಕಾಲು ತೆಗೆದಳು.

ಬಸ್ಸು ಬೇಲಿಯ ಮುಂದಿನ ಗೆರೆ ಮುಟ್ಟಿ ನಿಂತಾಗ ಪರೀಕ್ಷಕರು, ಬಸ್ಸು ಹತ್ತಿದ ಮೇಲೆ ಮೊದಲ ಸಲ, ಬಾಯಿ ಬಿಟ್ಟರು. ಹೊರಗಿನವರು ಹಾಗೆಲ್ಲ ಸಂಜ್ಞೆ ಕೊಡುವಂತಿಲ್ಲ, ನೀವು ನಿಲ್ಲಿಸಿದ್ದರೆ ನಾನು ಫೇಲು ಮಾಡುತ್ತಿದ್ದೆ ಎಂದರು. ಹಾಳೆಯ ಮೇಲೆ ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಪಾಸು ಎಂದು ಬರೆದಿತ್ತು. ಅವಳಿಗೆ ಅಳು ಬಂತು, ಅತ್ತಳು, ಅದಕ್ಕೆ ನಾಚಿಕೆಯೂ ಪಡಲಿಲ್ಲ.

ದೊಡ್ಡಣ್ಣ ಬೇಲಿಯ ಹತ್ತಿರವೇ ನಿಂತಿದ್ದ. ಹಾಳೆಯನ್ನು ಮುಖದ ಹತ್ತಿರ ಹಿಡಿದು ಓದಿ, ಮಡಿಸಿ ವಾಪಸು ಕೊಟ್ಟ. ಮುಖ ಅರಳಿತ್ತು. ಆಮೇಲೆ ಕೇಳಿದ, "ನಾನು ಬಡಿದದ್ದು ಕೇಳಿಸ್ಲಿಲ್ವಾ?"

ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬ ಸುಳ್ಳು ಅವಳ ತುದಿನಾಲಿಗೆಯಲ್ಲಿತ್ತು. ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಕೇಳಿಸ್ತು ದೊಡ್ಡಣ್ಣ. ಕನ್ನಡಿ ನೋಡ್ದೆ. ಜಾಗ ಇತ್ತು."

ಅವನು ತಲೆಯಾಡಿಸಿದ. ಇಬ್ಬರೂ ಗೇಟಿನ ಕಡೆ ನಡೆದರು. ಗೇಟಿನ ಹತ್ತಿರ ನಿಂತು, ಎಲ್ಲೋ ನೋಡುತ್ತ, ಮೆಲ್ಲಗೆ ಹೇಳಿದ, "ಹನ್ನೊಂದು ವರ್ಷ ಕಣಮ್ಮ. ನೀನು ಬಡಿದಾಗ ನಾನು ಒಂದು ಸಲಾನೂ ಕನ್ನಡಿ ನೋಡ್ಲಿಲ್ಲ."

ದನಿಯಲ್ಲಿ ಕೋಪವಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. ಅದರಲ್ಲಿ ಅವಳನ್ನು ಗೆಲ್ಲುವವರಿಲ್ಲ. ಕೋಪವಿರಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಚೀಲಕ್ಕೆ ಹಾಕಿದಳು.

ಇಬ್ಬರೂ ರಸ್ತೆ ದಾಟಲು ಇಳಿದರು. ತಿರುವಿನಿಂದ ಒಂದು ಲಾರಿ ನುಗ್ಗಿ ಬಂತು. ಅವಳು ಅವನ ತೋಳು ಹಿಡಿದಳು. ಲಾರಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿರುಗಿಯೂ ನೋಡದೆ ದೊಡ್ಡಣ್ಣ ನಿಂತುಬಿಟ್ಟ.