ನಕ್ಷೆಯಲ್ಲಿದ್ದ ಸಂಕ

ಕೆಸವಿನಹಡ್ಲಿನ ಚೌಡಯ್ಯನಿಗೆ ಇದ್ದದ್ದು ಎರಡು ಎಕರೆ ಕಾಫಿ, ಒಬ್ಬಳು ಹೆಂಡತಿ, ಒಂದು ಹಳ್ಳ. ಮೊದಲಿನ ಎರಡರ ಜೊತೆ ಹೇಗೋ ಹೊಂದಿಕೊಂಡಿದ್ದ, ಹಳ್ಳದ ಜೊತೆ ಮಾತ್ರ ಆಗಿರಲಿಲ್ಲ. ಮನೆ ಹಳ್ಳದ ಆಚೆ, ಗೋಣಿಬೀಡಿನ ಬಸ್ಸು ಈಚೆ. ಹಾಗಾಗಿ ಪ್ರತಿ ವರ್ಷ ರೋಹಿಣಿ ಮಳೆ ಹನಿಯುವ ಮೊದಲು ಎರಡು ಬಗನೆ ಮರ ಕಡಿದು, ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿ ಕಾಲುಸಂಕ ಮಾಡುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕೊಳೆತು ಬೀಳುತ್ತಿತ್ತು.

ಜೊತೆಗೆ ವರ್ಷಕ್ಕೊಂದು ಅರ್ಜಿ. ಹದಿನಾರು ಅರ್ಜಿಗೂ ಬಂದ ಉತ್ತರ ಒಂದೇ: ಅನುದಾನ ಲಭ್ಯವಿಲ್ಲ, ಅಲ್ಲದೆ ಸ್ಥಳೀಯರು ತಾವೇ ವ್ಯವಸ್ಥೆ ಮಾಡಿಕೊಂಡಿರುತ್ತಾರೆ. ಹದಿನಾರನೆಯ ಮಳೆಗಾಲದಲ್ಲಿ ಆ ವ್ಯವಸ್ಥೆಯ ಮೇಲೆ ಹೆಂಡತಿ ತುಂಗಮ್ಮ ಜಾರಿ ಬಿದ್ದು ಮಂಡಿ ಮುರಿದುಕೊಂಡಳು.

ಆ ಸೆಪ್ಟೆಂಬರಿನಲ್ಲೇ ಸರ್ಕಾರಕ್ಕೆ ಜ್ಞಾನೋದಯವಾಯಿತು. ಎರಡು ಗುಡ್ಡಗಳನ್ನು ಜೋಡಿಸುವ ಚಾರಣದ ಹಾದಿಗೆ ಒಂದೂವರೆ ಕೋಟಿ ಮಂಜೂರಾಯಿತು. ನಡೆಯಲೇಬೇಕಾದವರಿಗೆ ಇಲ್ಲದ ದುಡ್ಡು, ತಿಂದದ್ದು ಅರಗಲಿ ಎಂದು ನಡೆಯುವವರಿಗೆ ಬಂತು. ಹಾದಿ ಚೌಡಯ್ಯನ ಸಂಕದ ಮೇಲೆಯೇ ಹಾಯಬೇಕಿತ್ತು. ಆ ವರ್ಷದ ಸಂಕ ಬೀಳುವ ಮೊದಲೇ ಇಂಜಿನಿಯರ್ ಶಶಿಕಿರಣ್ ಡ್ರೋನ್ ಹಾರಿಸಿ, ಕಾಲಿಗೆ ಕೆಸರು ಅಂಟಿಸಿಕೊಳ್ಳದೆ ನೋಡಿ, ನಕ್ಷೆಯಲ್ಲಿ ಬರೆದ: 'ಹಾಲಿ ಸೇತುವೆ ಇದೆ.' ದುಡ್ಡು ಕಮಾನಿಗೆ, ಕಲ್ಲುಬೆಂಚಿಗೆ, ಸೆಲ್ಫಿ ಪಾಯಿಂಟಿಗೆ ಹೋಯಿತು.

ಮೇ ತಿಂಗಳಲ್ಲಿ ಚೌಡಯ್ಯ ಅವನನ್ನು ಹಿಡಿದ. "ಸಾರ್, ನಾಲ್ಕು ಬೆಂಚ್ ಕಡಿಮೆ ಮಾಡಿ ಇಲ್ಲೊಂದು ಸ್ಲ್ಯಾಬ್ ಹಾಕ್ಸಿ. ನಮ್ಮ ಮನೆಯವ್ಳಿಗೆ ದಾಟೋಕಾಗಲ್ಲ."

"ಸೇತುವೆ ಇದೆಯಲ್ರೀ. ಇರೋದಕ್ಕೆ ಮತ್ತೆ ದುಡ್ಡು ಹಾಕಿದ್ರೆ ಆಡಿಟ್‌ನವ್ರು ಬಿಡ್ತಾರಾ?"

ಚೌಡಯ್ಯನಿಗೆ ಮೈ ಉರಿಯಿತು. ತುಂಗಮ್ಮನನ್ನು ಗೋಣಿಬೀಡಿನಲ್ಲಿ ಅವಳ ತಂಗಿಯ ಮನೆಗೆ ಬಿಟ್ಟು ಬಂದು, ಕತ್ತಿಯನ್ನು ಅಟ್ಟಕ್ಕೆ ಹಾಕಿದ. ಆ ವರ್ಷ ಸಂಕ ಹಾಕಲೇ ಇಲ್ಲ. ಬಸ್ಸಿಗೆ ಎಸ್ಟೇಟ್ ಸುತ್ತಿ ಐದು ಕಿಲೋಮೀಟರ್ ನಡೆದ.

ಜೂನಿನಲ್ಲಿ ಉದ್ಘಾಟನೆ. ಗಣ್ಯರು ಹೊಸ ರೇನ್‌ಕೋಟು ತೊಟ್ಟು, ರಿಬ್ಬನ್ ಕತ್ತರಿಸಿ, ಫೋಟೋಕ್ಕೆ ನಿಂತು ನಿಂತು ಹಳ್ಳದ ತನಕ ಬಂದರು. ಹಾದಿ ನೆಟ್ಟಗೆ ಕೆಂಪು ನೀರಿಗೆ ಇಳಿದಿತ್ತು.

"ಸೇತುವೆ ಎಲ್ರೀ?" ಶಶಿಕಿರಣ್ ನೋಡಲು ಬಂದಿದ್ದ ಚೌಡಯ್ಯನನ್ನು ಕೇಳಿದ.

"ನಕ್ಷೇಲಿದೆ ಸಾರ್. ನೀವೇ ಬರ್ದಿದ್ದಲ್ವಾ."

ಗಣ್ಯರು ಕಲ್ಲುಬೆಂಚಿನ ಮೇಲೆ ಕೂತು ಕಡುಬು ತಿಂದು, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದರು.

ಹತ್ತು ದಿನಕ್ಕೆ ಚೌಡಯ್ಯನಿಗೆ ನೋಟೀಸು ಬಂತು: ಸದರಿ ಹಳ್ಳದ ಮೇಲಿದ್ದ ಸಾರ್ವಜನಿಕ ಸೇತುವೆ ಕಾಣೆಯಾಗಿದ್ದು, ಸಮಜಾಯಿಷಿ ನೀಡತಕ್ಕದ್ದು. ಅವನು ಅದನ್ನು ಮೂರು ಸಲ ಓದಿ ಕಣ್ಣಿಗೊತ್ತಿಕೊಂಡ. ತನ್ನ ಎರಡು ಬಗನೆ ಮರವನ್ನು ಸರ್ಕಾರವೇ ಸಹಿ ಹಾಕಿ ಸೇತುವೆ ಎಂದು ಒಪ್ಪಿಕೊಂಡಿತ್ತು. ಹದಿನೇಳನೆಯ ಅರ್ಜಿಗೆ ಆ ನೋಟೀಸನ್ನೇ ಪಿನ್ನು ಹೊಡೆದು ಕೊಟ್ಟ: ಸೇತುವೆ ಕಾಣೆಯಾಗಿರುವುದು ನಿಜ, ಮತ್ತೆ ಕಟ್ಟಿಸಿಕೊಡಬೇಕು.

ಹೊಸ ಸೇತುವೆಗೆ ಅನುದಾನ ಇರಲಿಲ್ಲ, ಕಳೆದುಹೋದ ಸೇತುವೆಗೆ ಇತ್ತು. ಅಲ್ಲಿ ಏನೂ ಇರಲಿಲ್ಲ ಎಂದರೆ ಶಶಿಕಿರಣನ ನಕ್ಷೆಯೇ ಸುಳ್ಳಾಗುತ್ತಿತ್ತು, ಆದ್ದರಿಂದ ಅವನೇ ಓಡಾಡಿ ಮಂಜೂರು ಮಾಡಿಸಿದ. ಜನವರಿಗೆ ಕಾಂಕ್ರೀಟು ಬಿತ್ತು, ಕಂಬಿ ಸಮೇತ. 'ಸೇತುವೆ ಪುನರ್ನಿರ್ಮಾಣ' ಎಂಬ ಫಲಕವೂ ಬಂತು.

ಚೌಡಯ್ಯ ಹೆಂಡತಿಯನ್ನು ಕರೆದುಕೊಂಡು ಬಂದ. ಎಂಟು ತಿಂಗಳ ಮೇಲೆ ಮನೆಗೆ ಹೊರಟ ತುಂಗಮ್ಮ ಕುಂಟುತ್ತಾ ಬಂದು ಸೇತುವೆಯ ನಡುವೆ ಕಂಬಿ ಹಿಡಿದು ನಿಂತಳು. ಅವಳು ಹೊಗಳುತ್ತಾಳೆಂದು ಅವನು ಕಾದ.

"ಎಷ್ಟು ವರ್ಷ ಸಂಕ ಹಾಕಿದ್ರಿ ನೀವು?"

"ಹದಿನಾರು."

"ಮೊದ್ಲನೇ ವರ್ಷವೇ ಹಾಕ್ದೆ ಸುಮ್ನೆ ಕೂತಿದ್ರೆ, ನನ್ನ ಮಂಡಿ ಉಳೀತಿತ್ತು."

ಚೌಡಯ್ಯ ಅವಳ ಚೀಲ ತೆಗೆದುಕೊಂಡು ಹಿಂದೆಯೇ ನಡೆದ.